ಕಲ್ಲಿನ ರಥದ ಮೇಲಿದ್ದ ಶಿಖರ: ಹಂಪಿಯನ್ನು ಕಾಯುವವರಿಗೆ ಒಂದು ಬಹಿರಂಗ ಪತ್ರ

ಹಂಪಿಯ ಸ್ಮಾರಕಗಳ ಹೊಣೆ ಹೊತ್ತಿರುವ ಎಲ್ಲ ಅಧಿಕಾರಿಗಳಿಗೆ ಮತ್ತು ವಿಜಯನಗರ ಜಿಲ್ಲೆಯ ಜನಪ್ರತಿನಿಧಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಹೊಸಪೇಟೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಮಕ್ಕಳನ್ನು ಪ್ರತಿ ವರ್ಷ ಹಂಪಿಗೆ ಕರೆದುಕೊಂಡು ಹೋಗುತ್ತೇನೆ. ಈ ಪತ್ರ ಬರೆಯಲು ಕಾರಣ ಒಂದು ಹಳೇ ಫೋಟೋ. ಅದು ವಿಠ್ಠಲ ದೇವಸ್ಥಾನದ ಅಂಗಳದ ಕಲ್ಲಿನ ರಥದ್ದು. 1856ರಲ್ಲಿ ತೆಗೆದದ್ದು. ತೆಗೆದವರು ಮದ್ರಾಸ್ ಸೇನೆಯಲ್ಲಿದ್ದ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ. ಹಂಪಿಯ ಮೊದಲ ಫೋಟೋಗಳಲ್ಲಿ ಅದೂ ಒಂದು.

ಆ ಫೋಟೋದಲ್ಲಿ ರಥದ ಮೇಲೆ ಒಂದು ಶಿಖರ ಇದೆ. ಇಟ್ಟಿಗೆ ಗಾರೆಯ ಶಿಖರ. ಸವೆದಿದೆ, ಆದರೆ ನಿಂತಿದೆ. ಇವತ್ತು ನಾವು ನೋಡುವ ರಥ ಚಾವಣಿಗೆ ಮುಗಿದುಹೋಗುತ್ತದೆ, ಮೇಲೆ ಬರೀ ಆಕಾಶ. ಫೋಟೋದ ರಥ ಹಾಗಲ್ಲ. ಕಣ್ಣು ಚಕ್ರದಿಂದ ಶುರುವಾಗಿ, ಕಂಬ ದಾಟಿ, ಚಾವಣಿ ದಾಟಿ, ಇನ್ನೂ ಮೇಲಕ್ಕೆ ಹೋಗುತ್ತದೆ. ಮೊದಲ ಸಲ ನೋಡಿದವರಿಗೆ ಇದು ಬೇರೆ ಯಾವುದೋ ಗುಡಿ ಅನ್ನಿಸುವಷ್ಟು ವ್ಯತ್ಯಾಸ.

ಈಗ ಅದೇ ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಳ್ಳಿ. ಒಂದು ಗುಂಪು ಹೋಗುತ್ತದೆ, ಇನ್ನೊಂದು ಬರುತ್ತದೆ. ಹೇಳುವ ಕಥೆ ಹೆಚ್ಚುಕಮ್ಮಿ ಒಂದೇ. "ರಥ ಒಂದೇ ಕಲ್ಲಿನಲ್ಲಿ ಕೆತ್ತಿದ್ದು" ಅನ್ನುತ್ತಾರೆ. ಅಲ್ಲ, ಹಲವು ಕಲ್ಲುಗಳನ್ನು ಸಂದು ಕಾಣದ ಹಾಗೆ ಕೂರಿಸಿದ್ದು. "ಮೇಲಿನ ಭಾಗ ಏನಾಯಿತು?" ಎಂದು ಯಾರಾದರೂ ಕೇಳಿದರೆ "1565ರಲ್ಲಿ ದಾಳಿ ಮಾಡಿದವರು ಒಡೆದರು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೇಳಿದವರು ತಲೆಯಾಡಿಸಿ ಮುಂದೆ ಹೋಗುತ್ತಾರೆ.

1565ರಲ್ಲಿ ಹಂಪಿ ಹಾಳಾದದ್ದು ನಿಜ. ಆದರೆ ರಥದ ಶಿಖರ ಆಗ ಬೀಳಲಿಲ್ಲ. ಅದಾಗಿ 291 ವರ್ಷ ಕಳೆದ ಮೇಲೆ ತೆಗೆದ ಫೋಟೋದಲ್ಲಿ ಅದು ಇದ್ದಲ್ಲೇ ಇದೆ. ಆಮೇಲೆ, 19ನೇ ಶತಮಾನ ಮುಗಿಯುವ ಹೊತ್ತಿಗೆ, ಬ್ರಿಟಿಷರ ಕಾಲದ ದುರಸ್ತಿಯಲ್ಲಿ ಅದನ್ನು ಇಳಿಸಲಾಯಿತು. ಇದು ಸಣ್ಣ ವಿಷಯ ಅಲ್ಲ, ಸ್ವಾಮಿ. ಶಿಖರ ತೆಗೆದವರು ಒಬ್ಬರು, ಅದರ ಹೊಣೆ ಇನ್ನೊಬ್ಬರ ತಲೆಗೆ. ಸಾವಿರಾರು ಮಕ್ಕಳು ಇದನ್ನೇ ನಿಜ ಅಂದುಕೊಂಡು ಮನೆಗೆ ಹೋಗುತ್ತಿದ್ದಾರೆ. ಇದಲ್ಲ ಎಂದು ತೋರಿಸುವ ಸಾಕ್ಷಿ ಇದೆ. ಅದನ್ನು ಜನರ ಮುಂದೆ ಇಟ್ಟಿಲ್ಲ, ನನ್ನ ದೂರು ಇಷ್ಟೇ.

ಶಿಖರ ಇದ್ದರೇನು, ಹೋದರೇನು ಎಂದು ಕೇಳುವವರಿಗೆ ಒಂದು ಮಾತು. ಆ ರಥ ಸುಮ್ನೆ ಚೆಂದಕ್ಕೆ ಮಾಡಿಟ್ಟ ಶಿಲ್ಪ ಅಲ್ಲ. ಅದು ಗರುಡನ ಗುಡಿ. ವಿಠ್ಠಲನ ಎದುರಿಗೆ ಅವನ ವಾಹನದ ಜಾಗ. ವಿಜಯನಗರದ ಕಾಲದ ಗುಡಿಗಳಲ್ಲಿ ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಗಾರೆಯ ಶಿಖರ. ಅದೇ ಕ್ರಮ ಇಲ್ಲೂ ಇತ್ತು. ಶಿಖರ ಇದ್ದಾಗ ಅದು ಗುಡಿ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಶಿಖರ ಹೋದ ಮೇಲೆ ಅದು ಕಲ್ಲಿನ ಬಂಡಿಯಾಯಿತು, ಆಮೇಲೆ ಪೋಸ್ಟ್‌ಕಾರ್ಡ್ ಆಯಿತು, ಈಗ ನೋಟಿನ ಮೇಲಿನ ಚಿತ್ರ. 2017ರಲ್ಲಿ ಬಂದ 50 ರೂಪಾಯಿ ನೋಟಿನ ಹಿಂಬದಿ ತೆಗೆದು ನೋಡಿ. ತಿಳಿನೀಲಿ ಬಣ್ಣದಲ್ಲಿ ನಮ್ಮ ರಥ ಇದೆ. ನನಗೆ ಅದನ್ನು ನೋಡಿದರೆ ಹೆಮ್ಮೆಯೇ. ನಮ್ಮ ಜಿಲ್ಲೆಯ ಕಲ್ಲು ದೇಶದ ಎಲ್ಲರ ಜೇಬಿನಲ್ಲಿದೆ, ಅಲ್ವಾ? ಆದರೆ ಆ ಆಕಾರ ಕೃಷ್ಣದೇವರಾಯನ ಕಾಲದವರು ನೋಡಿದ್ದಲ್ಲ. ದುರಸ್ತಿ ಮಾಡಿದವರು ಬಿಟ್ಟುಹೋದದ್ದು. ಇಡೀ ದೇಶ ಗುರುತು ಹಿಡಿಯುವ ಒಂದು ಸ್ಮಾರಕದ ಬಗ್ಗೆ ಇಷ್ಟು ದೊಡ್ಡ ಸಂಗತಿಯನ್ನು ಅದರ ಪಕ್ಕದಲ್ಲಿ ಒಂದು ಸಾಲಿನಲ್ಲಾದರೂ ಹೇಳಬೇಡವೇ?

ಮಕ್ಕಳಿಗೆ ಇದು ಚೆನ್ನಾಗಿ ಅರ್ಥ ಆಗುತ್ತದೆ. ರಥದ ಮುಂದೆ ಎರಡು ಆನೆಗಳಿವೆ. ಅವುಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಯ ಹಿಂಗಾಲು, ಬಾಲ ಕಾಣುತ್ತವೆ. ಮೊದಲು ಅಲ್ಲಿ ಕುದುರೆಗಳಿದ್ದವು, ಆನೆಗಳನ್ನು ಆಮೇಲೆ ತಂದಿಟ್ಟದ್ದು. ಇದನ್ನು ತೋರಿಸಿದ ಕೂಡಲೇ ಒಬ್ಬಳು ಹುಡುಗಿ ಕೇಳಿದಳು: "ಹಂಗಾದ್ರೆ ಸಾರ್, ಇನ್ನೂ ಏನೇನು ಬದಲಾಗೈತಿ?" ನಾನು ಮೊಬೈಲಿನಲ್ಲಿ 1856ರ ಫೋಟೋ ತೋರಿಸಿದೆ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಬಿಸಿಲಿಗೆ ಮೊಬೈಲಿನ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ಅಂಗೈ ಅಡ್ಡ ಹಿಡಿದು, ಒಮ್ಮೆ ಪರದೆ, ಒಮ್ಮೆ ರಥ, ಹೀಗೆ ನೋಡುತ್ತಾ ನಿಂತರು. ಪಕ್ಕದ ಗುಂಪಿನ ನಾಲ್ಕೈದು ಜನ ಬಂದು "ನಮಗೂ ತೋರಿಸಿ" ಎಂದರು. ಆ ಕೆಲಸ ಮಾಡಬೇಕಾದದ್ದು ಮೇಷ್ಟ್ರ ಮೊಬೈಲಲ್ಲ, ಅಲ್ಲೊಂದು ಫಲಕ.

ಈ ಫೋಟೋಗಳು ಹೇಗೆ ಬಂದವು ಎಂದು ಸ್ವಲ್ಪ ಹೇಳಬೇಕು. ಅದು ಗೊತ್ತಾದರೆ ಅವುಗಳನ್ನು ಹೇಗೆ ನೋಡಬೇಕು ಎಂಬುದೂ ಗೊತ್ತಾಗುತ್ತದೆ. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ತಿಳಿದದ್ದು 1839ರಲ್ಲಿ. ಹದಿನೇಳೇ ವರ್ಷಕ್ಕೆ ಅದು ತುಂಗಭದ್ರೆಯ ದಂಡೆಗೆ ಬಂತು. ಆಗ ಫಿಲ್ಮ್ ಇಲ್ಲ. ಗ್ರೀನ್‌ಲಾ ಬಳಸಿದ್ದು ಮೇಣ ಹಚ್ಚಿದ ಕಾಗದ. ಬೆಳಕು ಹಾಯಲಿ ಎಂದು ಮೇಣ. ಕಾಗದಕ್ಕೆ ಬೆಳ್ಳಿಯ ರಾಸಾಯನಿಕ ಹಚ್ಚಿ, ಕ್ಯಾಮರಾದಲ್ಲಿ ಇಟ್ಟು, ನಿಮಿಷಗಟ್ಟಲೆ ಬೆಳಕಿಗೆ ಒಡ್ಡಬೇಕು. ಒಂದೊಂದು ಹಾಳೆಯೂ ಸುಮಾರು 16 ಇಂಚು ಅಗಲ, 18 ಇಂಚು ಉದ್ದ. ಅಷ್ಟು ದೊಡ್ಡ ಹಾಳೆ ಹಿಡಿಯುವ ಕ್ಯಾಮರಾ ಒಬ್ಬರು ಹೊರುವ ಸಾಮಾನಲ್ಲ. ಹಂಪಿಯ ಬಂಡೆಗಳ ನಡುವೆ, ಆ ಬಿಸಿಲಿನಲ್ಲಿ, ಇದನ್ನೆಲ್ಲ ಹೊತ್ತು ತಿರುಗಿ ಸುಮಾರು 60 ನೆಗೆಟಿವ್ ಮಾಡಿದರು. ಬಿಸಿ ಹವೆಯಲ್ಲಿ ಕಾಗದ ಬೇಗ ಕೆಡುತ್ತದೆ. ಅದಕ್ಕೆ ತಕ್ಕ ಹಾಗೆ ಅವರು ರೂಢಿಸಿಕೊಂಡ ವಿಧಾನವನ್ನು ಇವತ್ತಿಗೂ ಕಾಗದದ ಮೇಲೆ ಫೋಟೋ ತೆಗೆಯುವ ಹವ್ಯಾಸಿಗಳು ಅವರ ಹೆಸರಿನಲ್ಲೇ ಬಳಸುತ್ತಾರೆ. ಪರದೇಶದ ಸಿಪಾಯಿ ಅಧಿಕಾರಿಯಾದರೂ ಆ ಕೆಲಸಕ್ಕೆ ಕೈ ಮುಗಿಯಬೇಕು.

ಆದರೆ ಆ ಫೋಟೋಗಳಲ್ಲಿ ಒಂದು ಮೋಸ ಇದೆ. ಬೇಕೆಂದು ಮಾಡಿದ ಮೋಸ ಅಲ್ಲ, ಕಾಗದದ ಗುಣ. ನಿಮಿಷಗಟ್ಟಲೆ ತೆರೆದಿಟ್ಟ ಕ್ಯಾಮರಾದ ಮುಂದೆ ಯಾರಾದರೂ ನಡೆದು ಹೋದರೆ ಅವರು ಫೋಟೋದಲ್ಲಿ ಮೂಡುವುದಿಲ್ಲ. ದನ ಮೇಯುತ್ತಿದ್ದರೆ ದನವೂ ಇಲ್ಲ. ಗಾಳಿಗೆ ಅಲ್ಲಾಡುವ ಗಿಡ ಮಸುಕು. ಮೋಡ ಕೂಡ ಬರುವುದಿಲ್ಲ, ಆಕಾಶ ಬರೀ ಬೆಳ್ಳಗೆ. ಅಲ್ಲಾಡದೆ ನಿಂತದ್ದು ಕಲ್ಲು ಮಾತ್ರ. ಹಾಗಾಗಿ ಮೊದಲ ಫೋಟೋಗಳ ಹಂಪಿ ನಿರ್ಜನ. ಯಾರೂ ಇಲ್ಲದ, ಯಾರಿಗೂ ಬೇಡವಾದ ಊರು.

ಆಳುವವರಿಗೆ ಈ ಚಿತ್ರ ಚೆನ್ನಾಗಿ ಒಪ್ಪಿತು. ಆಗ ಹಂಪಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಕಂಪನಿ ಸರ್ಕಾರದ ಕೈಯಲ್ಲಿ. ದೊಡ್ಡ ರಾಜ್ಯವೊಂದು ಬಿದ್ದು ಹೋಗಿದೆ, ಈಗ ನಾವು ಬಂದು ಅದರ ಲೆಕ್ಕ ಬರೆಯುತ್ತಿದ್ದೇವೆ ಎಂದು ಹೇಳಿಕೊಳ್ಳಲು ಖಾಲಿ ಅಂಗಳದ ಫೋಟೋಗಿಂತ ಒಳ್ಳೆ ಸಾಕ್ಷಿ ಯಾವುದು? ನಿಜವಾಗಿ ವಿರೂಪಾಕ್ಷನಿಗೆ ಪೂಜೆ ನಿಂತಿರಲಿಲ್ಲ. ಜಾತ್ರೆಗೆ ಜನ ಬರುತ್ತಿದ್ದರು. ಅವರು ಕಾಗದದ ಮೇಲೆ ಬೀಳಲಿಲ್ಲ ಅಷ್ಟೆ.

ಅದೇ ಕಲ್ಲುಗಳನ್ನು ಕನ್ನಡಿಗರು ಬೇರೆ ರೀತಿ ನೋಡಿದರು. 1936ರಲ್ಲಿ ವಿಜಯನಗರ ಸ್ಥಾಪನೆಯ ಆರು ನೂರನೇ ವರ್ಷ ಆಚರಿಸಿದಾಗ ಕನ್ನಡ ನಾಡು ನಾಲ್ಕಾರು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ನಮ್ಮವರಿಗೆ ಹಂಪಿ ಬಿದ್ದ ಊರಾಗಿ ಕಾಣಲಿಲ್ಲ, ಒಂದಾಗಬೇಕು ಎಂಬ ಆಸೆಯ ಊರಾಗಿ ಕಂಡಿತು. ವಿರೂಪಾಕ್ಷ ದೇವಸ್ಥಾನದೊಳಗಿನ ಭುವನೇಶ್ವರಿ ನಾಡದೇವಿಯಾದಳು. ಅದೇ ಗೋಪುರ, ಅದೇ ರಥ. ಅರ್ಥ ಮಾತ್ರ ತಿರುಗಿ ನಿಂತಿತು. ಇಂಥ ಕಥೆಯನ್ನು ಮಕ್ಕಳಿಗೆ ಹೇಳದೆ, ಬರೀ ರಾಜರ ಹೆಸರು, ಇಸವಿ ಬಾಯಿಪಾಠ ಮಾಡಿಸುತ್ತಿದ್ದೇವೆ.

ಖಾಲಿ ಹಂಪಿಯೇ ನಿಜವಾದ ಹಂಪಿ ಎಂಬ ನಂಬಿಕೆ ಈಗಲೂ ನಮ್ಮ ಆಡಳಿತದಲ್ಲಿ ಇದೆ ಎಂದು ನನಗೆ ಅನ್ನಿಸುತ್ತದೆ. 2011ರಲ್ಲಿ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿದ್ದ ಮನೆ, ಅಂಗಡಿಗಳನ್ನು ತೆಗೆಸಿದರು. ಹಳೆಯ ಕಂಬಗಳ ನಡುವೆ ಇಟ್ಟಿಗೆ ಸಿಮೆಂಟಿನ ಗೋಡೆ ಕಟ್ಟಿದ್ದು ತಪ್ಪೇ, ಸ್ಮಾರಕ ಉಳಿಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ 1520ರ ಹೊತ್ತಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಂಡ ವಿಜಯನಗರದ ಬೀದಿಗಳು ಜನ, ಸರಕು, ಗದ್ದಲದಿಂದ ತುಂಬಿದ್ದವು. ಆ ಬೀದಿ ಕಟ್ಟಿದ್ದೇ ವ್ಯಾಪಾರಕ್ಕೆ. ಇವತ್ತಿನ ನಿರ್ಜನ ಬಜಾರು ಫೋಟೋಗೆ ಚೆನ್ನಾಗಿ ಬರುತ್ತದೆ. ಅದು ಪಾಯೆಸ್ ನೋಡಿದ ಊರಿಗಿಂತ 1856ರ ಕಾಗದಕ್ಕೇ ಜಾಸ್ತಿ ಹತ್ತಿರ.

ಹಂಪಿ ಒಂದರ ಮಾತೇ ಅಲ್ಲ ಇದು. ಸ್ಮಾರಕಗಳನ್ನು ಕೈಯಲ್ಲಿ ಬಿಡಿಸುವ ಬದಲು ಫೋಟೋ ತೆಗೆಯಿರಿ ಎಂದು ಕಂಪನಿ 1855ರ ಸುಮಾರಿಗೆ ಹೇಳಿತು. ಕ್ಯಾಪ್ಟನ್ ಬಿಗ್ಸ್ ವಿಜಯಪುರ, ಬಾದಾಮಿ, ಐಹೊಳೆಗಳ ಫೋಟೋ ತೆಗೆದರು. ಅವರ ಜಾಗಕ್ಕೆ ಬಂದವರು ಡಾಕ್ಟರ್ ಪಿಗೌ, ಅವರ ನಂತರ ಡಾಕ್ಟರ್ ನೀಲ್. ಆ ಫೋಟೋಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕಗಳಾಗಿ ಬಂದವು. ಇತಿಹಾಸ ಬರೆದುಕೊಟ್ಟವರು ಮೆಡೋಸ್ ಟೇಲರ್, ಸುರಪುರದಲ್ಲಿ ಅಧಿಕಾರಿಯಾಗಿದ್ದವರು. ಗೋಳಗುಮ್ಮಟದ ಬುಡದಲ್ಲಿ ನಿಂತ ಎಷ್ಟು ಜನರಿಗೆ ಇದು ಗೊತ್ತಿದೆ? ಮೈಸೂರಿನ ಮರದ ಅರಮನೆ 1897ರಲ್ಲಿ ಸುಟ್ಟು ಹೋಯಿತು. ಅದು ಹೇಗಿತ್ತು ಎಂದು ಇವತ್ತು ನಮಗೆ ಗೊತ್ತಾಗುವುದು ಹೆಚ್ಚಾಗಿ ಹಳೆಯ ಫೋಟೋಗಳಿಂದಲೇ. ಕಟ್ಟಡ ಹೋದ ಮೇಲೆ ಉಳಿಯುವ ಸಾಕ್ಷಿ ಅದು.

ಗ್ರೀನ್‌ಲಾ ನೆಗೆಟಿವ್‌ಗಳು ನೂರಕ್ಕೂ ಹೆಚ್ಚು ವರ್ಷ ಕಣ್ಣಿಗೆ ಬೀಳದೆ ಇದ್ದು, 1980ರ ದಶಕದಲ್ಲಿ ಮತ್ತೆ ಬೆಳಕಿಗೆ ಬಂದವು. ಹಂಪಿಯ ಬಗ್ಗೆ ಬಹಳ ವರ್ಷ ಕೆಲಸ ಮಾಡಿದ ಜಾರ್ಜ್ ಮಿಷೆಲ್ ಮತ್ತು ಜಾನ್ ಫ್ರಿಟ್ಸ್ ಅವರ ತಂಡದ ಜೊತೆ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೊಲಿಂಗ್ಸ್ ಬಂದರು. ಗ್ರೀನ್‌ಲಾ ಕ್ಯಾಮರಾ ಇಟ್ಟಿದ್ದ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಏನು ಬಿದ್ದಿದೆ, ಏನು ಉಳಿದಿದೆ, ಯಾವುದನ್ನು ಯಾರೋ ಎತ್ತಿ ನಿಲ್ಲಿಸಿದ್ದಾರೆ ಎಂದು ಮಗುವಿಗೂ ತಿಳಿಯುತ್ತದೆ. ಇಷ್ಟೆಲ್ಲ ಕೆಲಸ ಆಗಿದೆ. ದುಬಾರಿ ಪುಸ್ತಕಗಳಲ್ಲಿ, ದೊಡ್ಡ ನಗರಗಳ ಪ್ರದರ್ಶನಗಳಲ್ಲಿ ಅದು ಕಾಣಸಿಗುತ್ತದೆ. ಕಮಲಾಪುರದ, ಆನೆಗೊಂದಿಯ, ಕಡ್ಡಿರಾಂಪುರದ ಮಕ್ಕಳಿಗೆ ಸಿಗುವುದಿಲ್ಲ.

ನಾನು ಸುಮ್ಮನೆ ಕೂತಿಲ್ಲ. ಸಂಬಂಧಪಟ್ಟ ಕಚೇರಿಯೊಂದಕ್ಕೆ ಹೋಗಿ, ರಥದ ಹತ್ತಿರ ಒಂದು ಫಲಕ ಹಾಕಿ ಎಂದು ಅರ್ಜಿ ಕೊಟ್ಟೆ. ಅರ್ಜಿ ತೆಗೆದುಕೊಂಡವರು ಒಳ್ಳೆಯವರೇ. ಫೋಟೋ ನೋಡಿ ಅವರೂ ಬೆರಗಾದರು. ಆಮೇಲೆ "ಇದು ನಮಗೆ ಬರಲ್ಲ ಮೇಷ್ಟ್ರೇ, ಮೇಲಿನವರಿಗೆ ಬರೀರಿ" ಎಂದರು. ಮೇಲಿನವರಿಗೆ ಬರೆದೆ. ಫೋಟೋದ ಹಕ್ಕು ಬೇರೆಯವರದ್ದು, ನಮ್ಮ ಕೈಯಲ್ಲಿ ಏನೂ ಇಲ್ಲ ಎಂಬ ಮಾತು ಫೋನಿನಲ್ಲಿ ಬಂತು. ಬರವಣಿಗೆಯಲ್ಲಿ ಉತ್ತರ ಬರಲಿಲ್ಲ. ಸ್ಮಾರಕ ಒಬ್ಬರದ್ದು, ರಸ್ತೆ ಇನ್ನೊಬ್ಬರದ್ದು, ಫಲಕ ಮತ್ತೊಬ್ಬರದ್ದು ಎಂದಾದರೆ ನೋಡಲು ಬಂದವರು ಯಾರನ್ನು ಕೇಳಬೇಕು? ಅದಕ್ಕೇ ಈ ಪತ್ರವನ್ನು ಎಲ್ಲರ ಮುಂದೆ ಇಡುತ್ತಿದ್ದೇನೆ.

ಮಾನ್ಯರೇ, ನನ್ನ ಮೊದಲ ಕೋರಿಕೆ ಆ ಫಲಕವೇ. ವಿಠ್ಠಲ ದೇವಸ್ಥಾನದ ಅಂಗಳದಲ್ಲಿ, 1856ರಲ್ಲಿ ಕ್ಯಾಮರಾ ನಿಂತಿದ್ದ ದಿಕ್ಕಿನಲ್ಲಿ, ಸ್ಮಾರಕಕ್ಕೆ ಅಡ್ಡ ಬಾರದ ಹಾಗೆ ಸೊಂಟದೆತ್ತರದ ಒಂದು ಓರೆ ಫಲಕ ಹಾಕಿ. ಅದರಲ್ಲಿ ಹಳೆಯ ಫೋಟೋ ದೊಡ್ಡದಾಗಿ ಇರಲಿ. ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಸಾಕು: ಇದು ಗರುಡನ ಗುಡಿ, ಮೇಲೆ ಇಟ್ಟಿಗೆಯ ಶಿಖರ ಇತ್ತು, 1856ರಲ್ಲಿ ಕೂಡ ಇತ್ತು, ಆಮೇಲೆ ಇಳಿಸಲಾಯಿತು. ಕನ್ನಡ ಮೇಲಿರಲಿ, ಬೇರೆ ಭಾಷೆಗಳು ಕೆಳಗಿರಲಿ. ಈಗ ರಥವನ್ನು ಮುಟ್ಟದ ಹಾಗೆ ಸುತ್ತ ತಡೆ ಹಾಕಿದ್ದೀರಿ, ಅದು ಒಳ್ಳೆಯದೇ ಆಯಿತು. ಜನ ದೂರದಲ್ಲಿ ನಿಂತು ನೋಡುತ್ತಾರೆ. ಓದುವುದಕ್ಕೂ ಅದೇ ಸರಿಯಾದ ಜಾಗ.

ಇಲ್ಲಿ ಒಂದು ಎಚ್ಚರಿಕೆ. ಈ ಫೋಟೋ ನೋಡಿದ ಮೇಲೆ "ಹಾಗಾದರೆ ಶಿಖರ ಮತ್ತೆ ಕಟ್ಟೋಣ" ಎನ್ನುವವರು ಹುಟ್ಟಿಕೊಳ್ಳುತ್ತಾರೆ. ದಯವಿಟ್ಟು ಬೇಡ. ಒಂದು ದಿಕ್ಕಿನಿಂದ ತೆಗೆದ ಫೋಟೋ ಹಿಡಿದು ನಾಲ್ಕೂ ದಿಕ್ಕಿನ ಶಿಖರ ಕಟ್ಟಿದರೆ ಅರ್ಧ ನಮ್ಮ ಊಹೆಯೇ ಆಗುತ್ತದೆ. ಕೆಳಗಿನ ಕಲ್ಲು ಹೊಸ ಭಾರ ತಡೆಯಬೇಕು. ಹೋದದ್ದು ಹೋಯಿತು ಎಂದು ಒಪ್ಪಿಕೊಂಡು, ಇತ್ತು ಎಂದು ಹೇಳುವುದೇ ಮರ್ಯಾದೆ.

ಇನ್ನು ಕಮಲಾಪುರದ ವಸ್ತುಸಂಗ್ರಹಾಲಯ. ಅಲ್ಲಿ ಹಂಪಿಯ ಮಾದರಿಯೊಂದಿದೆ. ಮಕ್ಕಳು ಅದರ ಸುತ್ತ ತಿರುಗುತ್ತಾ ತಮ್ಮ ಊರು ಎಲ್ಲಿದೆ ಎಂದು ಹುಡುಕುತ್ತಾರೆ. ಅದರ ಪಕ್ಕದಲ್ಲಿ ಒಂದು ಕೋಣೆ ಈ ಫೋಟೋಗಳಿಗೆ ಕೊಡಿ. ಮೂಲ ನೆಗೆಟಿವ್‌ಗಳು ಬೇಡ, ಅವು ಬಿಸಿಲು, ಧೂಳು ತಡೆಯುವುದಿಲ್ಲ. ಒಳ್ಳೆಯ ಪ್ರತಿಗಳು ಸಾಕು. ಮೂಲ ನೆಗೆಟಿವ್‌ಗಳು ದೆಹಲಿಯ ಆಲ್ಕಾಜಿ ಎಂಬ ಖಾಸಗಿ ಫೋಟೋ ಸಂಗ್ರಹದಲ್ಲಿವೆ. ಸರ್ಕಾರದ ಕಡೆಯಿಂದ ಗೌರವದಿಂದ ಒಂದು ಪತ್ರ ಹೋಗಿ, ಮಾತುಕತೆ ಆಗಿ, ಒಪ್ಪಂದ ಆದರೆ ಹಕ್ಕಿನ ಪ್ರಶ್ನೆ ಬಗೆಹರಿಯುತ್ತದೆ. ಮೇಷ್ಟ್ರೊಬ್ಬ ಕೇಳುವುದಕ್ಕೂ ಸರ್ಕಾರ ಕೇಳುವುದಕ್ಕೂ ವ್ಯತ್ಯಾಸ ಇದೆಯಲ್ಲ.

ಪ್ಯಾರಿಸ್ಸಿನ ಉದಾಹರಣೆ ಕೊಡುತ್ತೇನೆ, ಏಕೆಂದರೆ ಅಲ್ಲೂ ಮೊದಲು ಹೀಗೇ ಆಗಿತ್ತು. 1851ರಲ್ಲಿ ಫ್ರಾನ್ಸಿನ ಸರ್ಕಾರಿ ಮಂಡಳಿಯೊಂದು ಐದು ಜನ ಫೋಟೋಗ್ರಾಫರ್‌ಗಳನ್ನು ದೇಶದ ಸ್ಮಾರಕಗಳ ಫೋಟೋ ತೆಗೆಯಲು ಕಳಿಸಿತು. ತೆಗೆದು ತಂದ ಫೋಟೋಗಳನ್ನು ಪ್ರಕಟಿಸದೆ ಕಡತದಲ್ಲಿ ಇಟ್ಟುಬಿಟ್ಟರು. ಈಗ ಕಾಲ ಬದಲಾಗಿದೆ. 2020ರಲ್ಲಿ ಪ್ಯಾರಿಸ್ ನಗರದ ವಸ್ತುಸಂಗ್ರಹಾಲಯಗಳು ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳನ್ನು ಯಾರು ಬೇಕಾದರೂ ಬಳಸಲಿ ಎಂದು ಪುಕ್ಕಟೆ ಬಿಟ್ಟವು. ಹಳೆಯ ಬೀದಿಗಳನ್ನು ಕೆಡವುವ ಕಾಲದಲ್ಲಿ ಶಾರ್ಲ್ ಮಾರ್ವಿಲ್ ತೆಗೆದ ಪ್ಯಾರಿಸ್ಸಿನ ಫೋಟೋಗಳನ್ನು ಅಲ್ಲಿನ ಮಕ್ಕಳು ಪಾಠಕ್ಕೆ ಬಳಸಬಹುದು. ನಮ್ಮ ಮಕ್ಕಳಿಗೆ 60 ಫೋಟೋ ಕೇಳುತ್ತಿದ್ದೇನೆ. ಶಾಲೆಗಳಿಗೆ ಕೊಡುವ ಪ್ರತಿ ದೊಡ್ಡದಿರಬೇಕಿಲ್ಲ, ಪ್ರೊಜೆಕ್ಟರ್‌ನಲ್ಲಿ ತೋರಿಸುವಷ್ಟು ಸ್ಪಷ್ಟ ಇದ್ದರೆ ಸಾಕು.

ಗೈಡ್‌ಗಳ ಬಗ್ಗೆಯೂ ಹೇಳಬೇಕು. ತಪ್ಪು ಅವರದ್ದಲ್ಲ. ಹಿರಿಯರಿಂದ ಕೇಳಿದ್ದನ್ನು ಅವರು ಹೇಳುತ್ತಾರೆ. ಈ ಫೋಟೋ ಕೈಗೆ ಕೊಟ್ಟು, ತರಬೇತಿಯಲ್ಲಿ ಅರ್ಧ ದಿನ ಇದಕ್ಕೆ ಎತ್ತಿಟ್ಟರೆ, ನಾಳೆಯಿಂದಲೇ ಕಥೆ ಬದಲಾಗುತ್ತದೆ. ಬ್ಯಾಟರಿ ಗಾಡಿ ಓಡಿಸುವ ನಮ್ಮ ಹೆಣ್ಣುಮಕ್ಕಳನ್ನೂ ಕರೆಯಿರಿ. ವಿಠ್ಠಲ ದೇವಸ್ಥಾನಕ್ಕೆ ಹೋಗುವವರು ದಾರಿಯಲ್ಲಿ ಮೊದಲು ಪ್ರಶ್ನೆ ಕೇಳುವುದು ಅವರನ್ನೇ.

ಕೊನೆಯ ಕೋರಿಕೆ ಮುಂದಿನ ಕಾಲದ್ದು. 2024ರ ಮೇ ತಿಂಗಳಲ್ಲಿ ಮಳೆಗೆ ವಿರೂಪಾಕ್ಷ ಬಜಾರಿನ ಸಾಲು ಮಂಟಪದ ಒಂದು ಭಾಗ ಕುಸಿಯಿತು. ಕಂಬ ಹೇಗೆ ನಿಂತಿತ್ತು, ಬಿರುಕು ಯಾವಾಗಿನಿಂದ ಇತ್ತು ಎಂದು ತಿಳಿಯಬೇಕಾದರೆ ಒಂದೇ ಜಾಗದಿಂದ, ಒಂದೇ ದಿಕ್ಕಿಗೆ, ವರ್ಷ ವರ್ಷ ತೆಗೆದ ಫೋಟೋ ಬೇಕು. ಗ್ರೀನ್‌ಲಾ ನಿಂತ ಜಾಗಗಳು ನಮಗೆ ಈಗಾಗಲೇ ಸಿಕ್ಕಿವೆ. ಅಲ್ಲಿ ನೆಲಕ್ಕೆ ಒಂದು ಸಣ್ಣ ಗುರುತು ಹಾಕಿ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಫೋಟೋ ತೆಗೆಸಿ, ಎಲ್ಲರಿಗೂ ಸಿಗುವ ಹಾಗೆ ಇಡಿ. ಜನ ಸಾಲದಿದ್ದರೆ ಶಾಲೆಗಳನ್ನು ಕೇಳಿ. ಮಕ್ಕಳನ್ನು ಕರೆದುಕೊಂಡು ಬರುವ ಹೊಣೆ ನನ್ನದು. ಈ ಸಲದ ಫೋಟೋದಲ್ಲಿ ಜನರೂ ಇರಲಿ, ಪೂಜಾರಿ, ಹೂ ಮಾರುವವರು, ಯಾತ್ರಿಕರು, ಎಲ್ಲರೂ.

ಮುಂದಿನ ಹಂಪಿ ಉತ್ಸವದ ಹೊತ್ತಿಗಾದರೂ ಆ ಫಲಕ ನಿಲ್ಲಲಿ. ಫೋಟೋದ ವಿವರ, ಫಲಕದ ಅಳತೆ, ಹಾಕಬಹುದಾದ ಜಾಗದ ನಕ್ಷೆ, ಎಲ್ಲವನ್ನೂ ಬರೆದು ಸಿದ್ಧ ಇಟ್ಟಿದ್ದೇನೆ. ಯಾವ ಕಚೇರಿಗೆ ತರಬೇಕು ಎಂದು ತಿಳಿಸಿದರೆ ತಂದು ಕೊಡುತ್ತೇನೆ. ಈ ಸಲ ಉತ್ತರ ಬರವಣಿಗೆಯಲ್ಲಿ ಬರಲಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಹೊಸಪೇಟೆ ಕಡೆಯ ಒಬ್ಬ ಶಾಲಾ ಮೇಷ್ಟ್ರು